ಪಕ್ಕದ ಹಲ್ಲು

ಜನವರಿ ೮, ಸಂಜೆ
ಬೆಳಗ್ಗೆ ಎರಡು ರೂಟ್ ಕೆನಾಲ್. ಆಮೇಲೆ ಒಂದು ಅಳುಬುರುಕ ಮಗುವಿನ ಹಾಲುಹಲ್ಲು ಕಿತ್ತೆ. ಮಧ್ಯಾಹ್ನ ಹಲ್ಲಿನ ತೂತಿಗೆ ಸೂಜಿ ಇಳಿಸುವಾಗ ಅದರ ತುದಿಯೇ ಮಾಯ. ಕನ್ನಡಕ ಒರೆಸಿಕೊಂಡೆ. ಪಕ್ಕದ ಕುರ್ಚಿಯ ಬಳಿಯಿಂದ ಸೊಸೆ, "ಅತ್ತೆ, ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ," ಅಂದಳು. ಅವಳೂ ಹಲ್ಲಿನ ಡಾಕ್ಟರೇ. ಕ್ಲಿನಿಕ್ ಕಟ್ಟಿದ್ದು ನಾನು. ಆದರೆ ಎಲ್ಲಾ ಅವಳಿಗೇ ಮೊದಲು ಕಾಣಬೇಕು.

ಫೆಬ್ರವರಿ ೨೭
ಬಾತ್‌ರೂಮಿನ ಟೈಲ್ಸ್ ಗೆರೆಗಳೆಲ್ಲ ಡೊಂಕು. ಎಡಗಣ್ಣು ಮುಚ್ಚಿ ನೋಡಿದರೆ ಬಾಗಿಲಿನ ಚೌಕಟ್ಟಿಗೂ ಹೊಟ್ಟೆ ಬಂದಿದೆ. ಹೋಗಲೇಬೇಕಾಯಿತು. ಕಣ್ಣಿನ ಡಾಕ್ಟರು ಮಗನ ವಯಸ್ಸಿನವನು. ಮ್ಯಾಕುಲಾ ಸವೆದಿದೆಯಂತೆ — ಕಣ್ಣಿನ ಪರದೆಯ ನಟ್ಟನಡುವಿನ ಜಾಗ. ವಯಸ್ಸಿನ ಕಾಯಿಲೆ. ಎರಡು ಕಣ್ಣಲ್ಲೂ ಇದೆ. ಎಡಗಡೆಯದು ಒಣ ಬಗೆ, ನಿಧಾನ. ಬಲಗಡೆ ರಕ್ತನಾಳ ಸೋರುತ್ತಿದೆ.
"ಇಂಜೆಕ್ಷನ್ ಶುರು ಮಾಡೋಣ ಮೇಡಂ. ಕಣ್ಣಿಗೇ ಕೊಡೋದು. ಇರೋದನ್ನ ಉಳಿಸಬಹುದು. ಹೋಗಿರೋದು ಪೂರ್ತಿ ವಾಪಸ್ ಬರುತ್ತೆ ಅನ್ನೋಕಾಗಲ್ಲ. ಸ್ವಲ್ಪ ಮುಂಚೆ ಬಂದಿದ್ರೆ…"
ಇದೇ ಮಾತು ಎಷ್ಟು ಜನಕ್ಕೆ ಹೇಳಿಲ್ಲ ನಾನು. ಇಂಜೆಕ್ಷನ್ ತಾರೀಖು ಬರೆಸಿಕೊಂಡು ಬಂದೆ.

ಮಾರ್ಚ್ ೩
ಮೊದಲ ಇಂಜೆಕ್ಷನ್. ಮರಗಟ್ಟಿಸುವ ಹನಿ ಹಾಕಿದರು. ಒತ್ತಿದಂತಾಯಿತು, ಅಷ್ಟೆ. ಆಮೇಲೆ ಕಣ್ಣಲ್ಲಿ ಮರಳು ಬಿದ್ದ ಹಾಗೆ. ಸೊಸೆ ಫ್ರಿಜ್ಜಿನ ಬಾಗಿಲಿಗೆ ಚೌಕುಳಿ ಗೆರೆಗಳ ಹಾಳೆ ಅಂಟಿಸಿದ್ದಾಳೆ. ದಿನಾ ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ಗೆರೆ ಬದಲಾದರೆ ತಕ್ಷಣ ಫೋನ್. ಜೊತೆಗೆ ವಿಟಮಿನ್ ಮಾತ್ರೆ. ಕಣ್ಣಿನ ಡಾಕ್ಟರು ಡ್ರಿಲ್ ಹಿಡಿಯಬೇಡಿ ಅಂದಿದ್ದಾನೆ. ನನ್ನ ಬೆರಳಿಗೆ ಗೊತ್ತಿರುವುದು ಅವನಿಗೇನು ಗೊತ್ತು.

ಮಾರ್ಚ್ ೧೯
ನಿವೃತ್ತ ಹೆಡ್‌ಮಿಸ್ ಬಂದಿದ್ದರು. ಮೊದಲಿಂದಲೂ ನನ್ನ ಕೈಯೇ ಆಗಬೇಕು ಅವರಿಗೆ. ಡ್ರಿಲ್ ಬಾಯೊಳಗೆ ಹೋಗಿತ್ತು. ಸೊಸೆ ನನ್ನ ಮಣಿಕಟ್ಟು ಹಿಡಿದಳು.
"ಅತ್ತೆ, ಅದು ಪಕ್ಕದ ಹಲ್ಲು."
ಮೆತ್ತಗೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಹೆಡ್‌ಮಿಸ್ ಬಾಯಿ ತೆರೆದೇ ಮಲಗಿದ್ದರು. ಮುಖ ಇರಬೇಕಾದ ಕಡೆ ಬೂದು ಕಲೆ. ಎದ್ದೆ. ಗ್ಲೌಸ್ ತೆಗೆದೆ. ಉಳಿದದ್ದನ್ನು ಅವಳೇ ಮುಗಿಸಿದಳು. ಚೆನ್ನಾಗಿಯೇ.

ಜೂನ್ ೧೪
"ಸ್ಟೇಬಲ್ ಇದೆ ಮೇಡಂ." ಡಾಕ್ಟರಿಗೆ ಖುಷಿ. ಇನ್ನು ಕೆಡದಿದ್ದರೆ ಅದೇ ಗೆಲುವಂತೆ. ಈಗ ಮುಂದಿನ ಕೋಣೆಯಲ್ಲಿ ಕೂತು ಬಂದವರಿಗೆ ಕುರ್ಚಿ ತೋರಿಸುವವಳು ನಾನು. ಯಾರ ಗುರುತೂ ಸಿಗುವುದಿಲ್ಲ. ಜಂಬ ಅಂದುಕೊಳ್ಳುತ್ತಾರೆ. ಕಣ್ಣಾಸ್ಪತ್ರೆಯಿಂದ ತರಬೇತಿ ಕೊಡಲು ಬರುವ ಹುಡುಗಿ ಹೇಳಿಕೊಟ್ಟಿದ್ದಾಳೆ — ಮುಖ ಕಾಣಬೇಕಾದರೆ ಕಿವಿ ನೋಡಿ, ಪಕ್ಕದ ನೋಟ ಉಳಿದಿದೆಯಲ್ಲ. ಈ ವಯಸ್ಸಿನಲ್ಲಿ ಓರೆನೋಟದ ಪಾಠ.
ಸಂಜೆ ಕ್ಲಿನಿಕ್ ಮುಚ್ಚುವಾಗ ಸೊಸೆಗೆ ನಾನೇ ಹೇಳಿದೆ. "ಹೊರಗಿನ ಬೋರ್ಡಲ್ಲಿ ನನ್ನ ಹೆಸರು ತೆಗೆಸಿಬಿಡು."
ಬೇಡ ಅತ್ತೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಒಂದು ಸಲವಾದರೂ.
"ಸರಿ ಅತ್ತೆ," ಅಂದಳು.
ದನಿಯಿಂದ ಏನೂ ತಿಳಿಯಲಿಲ್ಲ. ಮುಖ ನೋಡೋಣವೆಂದು ಅವಳ ಕಿವಿಯತ್ತ ಕಣ್ಣು ತಿರುಗಿಸಿದೆ. ಅಷ್ಟರಲ್ಲಿ ಅವಳು ದೀಪ ಆರಿಸಿದಳು.