ಗಂಗೋತ್ರಿಯ ರಕ್ತವರದಿಗೆ ನಾನು ಹಾಕಿದ ಕೆಂಪು ಸುತ್ತು

ಚನ್ನಗಿರಿಯ ಶ್ರೀಮತಿ ಕೊಟ್ರಮ್ಮನವರಿಗೆ ಹೊನ್ನಾಳಿಯ ಮಹೇಶ್ವರಪ್ಪನ ಶರಣಾರ್ಥಿಗಳು.

ಮೊದಲು ತಿದ್ದುಪಡಿ. ನಿಮ್ಮ ಮಗಳು ಗಂಗೋತ್ರಿಗೆ ವಂಶದಿಂದ ಬಂದ ರಕ್ತದೋಷವಿದೆ, ಆದ್ದರಿಂದ ನಮ್ಮ ಮಗ ಕೊಟ್ರೇಶನೊಂದಿಗೆ ಗೊತ್ತಾಗಿದ್ದ ಸಂಬಂಧವನ್ನು ಮುರಿದಿದ್ದೇವೆ ಎಂದು ಫೆಬ್ರವರಿಯಲ್ಲಿ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಿದ್ದೆ. ಅದು ಸುಳ್ಳು. ಅವಳಿಗಿದ್ದದ್ದು ಕಬ್ಬಿಣಾಂಶದ ಕೊರತೆ ಮಾತ್ರ.

ಅವಳ ರಕ್ತಕಣಗಳು ಚಿಕ್ಕವಾಗಿವೆಯೆಂದು ವರದಿಯಲ್ಲಿತ್ತು. ಥಲಸ್ಸೇಮಿಯಾ ಎಂಬ ವಂಶದ ರಕ್ತರೋಗದ ವಾಹಕರಲ್ಲಿಯೂ, ಅಂದರೆ ತಮಗೆ ರೋಗವಿಲ್ಲದೆ ಅದರ ಅಂಶವನ್ನಷ್ಟೇ ಹೊತ್ತವರಲ್ಲಿಯೂ, ಹಾಗೆಯೇ ಇರುತ್ತದಂತೆ. ಕಬ್ಬಿಣಾಂಶ ಕಡಿಮೆಯಿದ್ದಾಗ ಇಲ್ಲದ ದೋಷ ಇದ್ದಂತೆ ಕಾಣಬಹುದು, ಇದ್ದದ್ದು ಮರೆಯಾಗಲೂಬಹುದು. ಮೂರು ತಿಂಗಳು ಮಾತ್ರೆ ನುಂಗಿದ ಮೇಲೆ ಮತ್ತೆ ನೋಡೋಣ ಎಂದು ವೈದ್ಯೆ ಹೇಳಿದಾಗ ನಾನೂ ಅಲ್ಲಿಯೇ ಕುಳಿತಿದ್ದೆ. ಕೇಳಿಸಿಕೊಂಡೆ, ಕಾಯಲಿಲ್ಲ. ಮನೆಗೆ ಬಂದು ವರದಿಯನ್ನು ಅಂಕಪಟ್ಟಿಯಂತೆ ಓದಿ, ಕಡಿಮೆ ಬಂದ ಅಂಕಿಗಳಿಗೆ ಕೆಂಪು ಶಾಯಿಯ ಸುತ್ತು ಹಾಕಿ, ಫೋಟೊ ತೆಗೆದು ಹಂಚಿದೆ. ನಮ್ಮ ಮನೆಯಾಕೆ ಕಸ್ತೂರಮ್ಮ ಅಂದೇ ಕೇಳಿದ್ದಳು: “ಆ ಹುಡುಗಿ ಏನು ನಿಮ್ಮ ಸ್ಕೂಲಿನ ಉತ್ತರಪತ್ರಿಕೆಯೇನ್ರೀ, ಹಿಂಗೆ ಕೆಂಪು ಬಳಿಯಾಕೆ?” ನಾನು ಗದರಿದೆ.

ಆಮೇಲೆ ನ್ಯಾಮತಿಯಿಂದ ಬಂದಿದ್ದ ವರನ ಕಡೆಯವರೂ ಆ ಫೋಟೊ ನೋಡಿ ಹಿಂದೆ ಸರಿದರೆಂದು ಕೇಳಿದೆ.

ಮೊನ್ನೆ ಇಲ್ಲಿಯ ಬಸ್ ನಿಲ್ದಾಣದಲ್ಲಿ ಗಂಗೋತ್ರಿ ಸಿಕ್ಕಳು. ಹೊಸ ವರದಿಯನ್ನು ನನ್ನ ಕೈಗಿಟ್ಟು, “ಮೇಷ್ಟ್ರೇ, ಈ ಸಲ ಪಾಸಾಗೀನಿ. ಇದನ್ನೂ ಹಂಚ್ತೀರೇನ್ರೀ?” ಎಂದಳು. ಮಾವ ಎಂದು ಕರೆಯುತ್ತಿದ್ದವಳು! ಅವಳು ವಾಹಕಿಯಲ್ಲವೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಅಲ್ಲಿಯೇ ನಿಂತು ಅದರ ಫೋಟೊ ತೆಗೆದುಕೊಂಡೆ.

ಅದನ್ನು ನನ್ನ ತಪ್ಪೊಪ್ಪಿಗೆಯ ಸಮೇತ ಅದೇ ಗುಂಪಿಗೆ ಕಳಿಸಿದ್ದೇನೆ. ನ್ಯಾಮತಿಗೂ ಹೋಗಿ ಹೇಳಿ ಬಂದೆ. ಕ್ಷಮೆ ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಇಂತಿ ನಾಚಿದ,
ಮಹೇಶ್ವರಪ್ಪ

ವಿ.ಸೂ.: ಪರೀಕ್ಷೆ ಮಾಡಿಸಿರೆಂದು ನಾನು ಪಟ್ಟು ಹಿಡಿದ ಕಾರಣವನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಜಗಳೂರಿನಲ್ಲಿರುವ ನನ್ನ ತಂಗಿಯ ಮೊಮ್ಮಗುವಿಗೆ ಥಲಸ್ಸೇಮಿಯಾ. ತಿಂಗಳು ತಿಂಗಳೂ ರಕ್ತ ಹಾಕಿಸುತ್ತಾರೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಮಗುವಿಗೆ ಹೀಗಾಗಬಹುದೆಂದು ಬಲ್ಲೆ. ಭಯವಿದ್ದದ್ದು ನಮ್ಮ ಮನೆಯಲ್ಲಿ. ಸೂಜಿ ಚುಚ್ಚಿಸಿದ್ದು ನಿಮ್ಮ ಮಗಳಿಗೆ. ಗಂಡುಹುಡುಗನಿಗೇಕೆ ಪರೀಕ್ಷೆ ಎಂದುಕೊಂಡಿದ್ದೆ. ಕೊಟ್ರೇಶ ಕಳೆದ ವಾರ ನನಗೆ ತಿಳಿಸದೆ ಹೋಗಿ ಮಾಡಿಸಿಕೊಂಡ. ವಾಹಕ ಅವನು. ಬಂಧುಗಳಿಗೆ ತಿಳಿಸಿಬಿಡಿ ಅಪ್ಪಾ ಎಂದು ಅವನೇ ಹೇಳುತ್ತಿದ್ದಾನೆ. ನನ್ನ ಕೈ ಇನ್ನೂ ಏಳುತ್ತಿಲ್ಲ.

ಶನಿವಾರ, ೧೪ ಜೂನ್ ೨೦೨೫, ಬೆಳಿಗ್ಗೆ ೧೦ ಗಂಟೆ ೨೦ ನಿಮಿಷ.