ಹುಲುಗಣ್ಣನವರ ಬೇಸ್ ಗಿಟಾರು

ಕೂಡ್ಲಿಗಿ, ಮಂಗಳವಾರ

ಹಿರೇಹಡಗಲಿಯ ಹುಲುಗಣ್ಣನವರಿಗೆ ಖಲಂದರನ ಸಲಾಮು.

ನಿಮ್ಮ ಮಗಳು ಅಂಜಿನಿ ನಿಮಗೆ ಹೇಳದೆ ತಂದುಕೊಟ್ಟ ಹಳೆಯ ಬೇಸ್ ಗಿಟಾರು ರಿಪೇರಿಯಾಗಿದೆ. ಪಂಪಿನ ಮೋಟರಿಗೆ ತಂತಿ ಸುತ್ತುವ ಕೈಯಿಂದಲೇ, ಸದ್ದು ಹಿಡಿಯುವ ಅದರ ಕಾಯಿಲಿಗೆ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಮೀಟಿದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ಬಂತು. ಗ್ಲಾಸಿನ ಚಹಾದಲ್ಲಿ ಉಂಗುರಗಳೆದ್ದವು. ನನ್ನ ರಿಪೇರಿ ಅಂಗಡಿಯೇ ನೀರಿನ ಮೇಲೆ ತೇಲಿದಂತಿತ್ತು.

ಒಂದು ಮಾತು ಹೇಳಬೇಕು. ನಿಮ್ಮ ಕೈ ನಡುಗಲು ಶುರುವಾದ ಮೇಲೆ, ನಮ್ಮ ಆರ್ಕೆಸ್ಟ್ರಾದ ಮೈಕ್ ಸೆಟ್ ನೋಡಿಕೊಳ್ಳುತ್ತಿದ್ದ ನಾನು ನಿಮ್ಮ ಗಿಟಾರಿನ ವಾಲ್ಯೂಮ್ ಪೂರಾ ಇಳಿಸಿಬಿಡುತ್ತಿದ್ದೆ. ಹೀಗೇ ಎರಡು ವರ್ಷ. ಪ್ರತಿ ಮದುವೆ ಮುಗಿದಾಗ "ಹೆಂಗಿತ್ತಲೇ ಖಲಂದರ?" ಎನ್ನುತ್ತಿದ್ದಿರಿ. "ಚಲೋ ಇತ್ರಿ ಅಣ್ಣಾ" ಎನ್ನುತ್ತಿದ್ದೆ. ನೀವು ಸುಮ್ಮನೆ ನಗುತ್ತಿದ್ದಿರಿ.

ಈಗ ಗಿಟಾರಿನ ಹಿಂದಿನ ಮುಚ್ಚಳ ಬಿಚ್ಚಿದರೆ, ಸದ್ದನ್ನು ಹೊರಗೆ ಒಯ್ಯುವ ವೈರನ್ನೇ ಕತ್ತರಿಸಲಾಗಿತ್ತು. ತುದಿಗೆ ಅಚ್ಚುಕಟ್ಟಾಗಿ ಹಸಿರು ಟೇಪು ಸುತ್ತಲಾಗಿತ್ತು. ಆ ಟೇಪನ್ನು ನೀವೇ ನನ್ನ ಡಬ್ಬಿಯಿಂದ ಕೇಳಿ ಒಯ್ದಿದ್ದಿರಿ, ಕೈ ನಡುಗಲು ಶುರುವಾದ ವರ್ಷ. ಅಂದರೆ ಎರಡು ವರ್ಷ ನಾನು ಇಳಿಸಿದ್ದು ಮೊದಲೇ ಸದ್ದಿಲ್ಲದ ಗಿಟಾರಿನ ವಾಲ್ಯೂಮ್.

ವೈರು ಬೆಸೆದಿದ್ದೇನೆ. ಗಿಟಾರು ಒಯ್ಯಲು ಅಂಜಿನಿಯನ್ನು ಕಳಿಸಬೇಡಿ, ನೀವೇ ಬನ್ನಿ. ಕೈ ನಡುಗಿದರೆ ನಡುಗಲಿ, ಈ ಸಲ ವಾಲ್ಯೂಮ್ ಇಳಿಸುವುದಿಲ್ಲ.

ನಿಮ್ಮ
ಖಲಂದರ