ಲೆಕ್ಕಕ್ಕಿಲ್ಲದ ಮರ

ಕೊಳದ ಮನೆ, ಕೆಂಟಕಿ
ಏಪ್ರಿಲ್ 19, 1994, ಮಂಗಳವಾರ

ಪ್ರೀತಿಯ ಲೊರೀನ್,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತರೆ ಎದ್ದು ಓಡಾಡುವ ಹಾಗಾಗುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಶುರು ಮಾಡಿದೆ, ಜಗಲಿಗೆ ಬಂದೆ, ಈಗ ದೋಣಿಯಲ್ಲಿ ಕೂತು ಬರೆಯುತ್ತಿದ್ದೇನೆ. ದೋಣಿ ದಡದಲ್ಲೇ ಇದೆ, ಗಾಬರಿಯಾಗಬೇಡ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ಎಲ್ಬರ್ಟ್ ತೀರಿಕೊಂಡ ಮೇಲೆ ಈ ಮನೆಯಲ್ಲಿ ಕೊಳೆ ಮಾಡುವವರೂ ಇಲ್ಲ ನೋಡು.

ನೀನು ಈ ಊರು ಬಿಟ್ಟು ಪಡೂಕಾ ಪಟ್ಟಣಕ್ಕೆ ಹೋದ ಮೇಲೆ ಇಲ್ಲಿ ಹೊಸದೇನೂ ಆಗಿಲ್ಲ. ಡಾಗ್‌ವುಡ್ ಮರ ಹೂ ಬಿಟ್ಟಿದೆ, ಕ್ರಾಪಿ ಮೀನುಗಳು ಮೊಟ್ಟೆಯಿಡಲು ದಡಕ್ಕೆ ಬಂದಿವೆ. ಚರ್ಚಿನ ಮೀನೂಟಕ್ಕೆ ಈ ಸಲವೂ ನನ್ನದೇ ಮೀನು. ಪಕ್ಕದ ಮನೆಯ ಡೆನ್ಸಿಲ್ ಬೇಲಿಗೆ ಒರಗಿ ನಿಂತು ಎಂದಿನಂತೆ ಕಾಲೆಳೆಯುತ್ತಾನೆ. "ಗಾಳಕ್ಕೆ ಸಿಕ್ಕಿಸೋಕೆ ಅಂಗಡೀಲಿ ಜೀವಂತ ಮರಿಮೀನು ಸಿಗುತ್ತೆ. ನೀನು ಗಾಳಕ್ಕೆ ಕೋಳಿಪುಕ್ಕ ಸುತ್ತಿ ಸುಳ್ಳು ನೊಣ ಮಾಡಿ ಮೀನಿಗೆ ಟೋಪಿ ಹಾಕ್ತೀಯಲ್ಲ ವರ್ನಾ!" ನಾನು ಬಿಡುತ್ತೇನೆಯೇ? "ನಿಂಗೆ ಹೆಂಡ್ತಿ ಮನಸ್ಸೇ ತಿಳೀಲಿಲ್ಲ, ಮೀನಿನ ಮನಸ್ಸು ಎಲ್ಲಿ ತಿಳೀಬೇಕು" ಅಂದೆ.

ನಮ್ಮ ಮನೆಯ ಕ್ರಿಸ್ಮಸ್ ಮರಗಳೆಲ್ಲ ಈ ಕೊಳದ ತಳದಲ್ಲಿರುವುದು ನಿನಗೆ ಗೊತ್ತೇ ಇದೆ. ಹಬ್ಬ ಮುಗಿದ ಮೇಲೆ ಬುಡಕ್ಕೆ ಸಿಮೆಂಟ್ ಇಟ್ಟಿಗೆ ಕಟ್ಟಿ ಮುಳುಗಿಸುವುದು, ಆಮೇಲೆ ಆ ಕೊಂಬೆಗಳ ನಡುವೆ ಕ್ರಾಪಿಗಳು ಸಂಸಾರ ಹೂಡುವುದು. ನಾನು ದೋಣಿಗೆ ಹುಟ್ಟು ಹಾಕುವವಳು, ಎಲ್ಬರ್ಟ್ ಮರ ತಳ್ಳುವವನು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನು ಒಬ್ಬನೇ ಹೋದಾಗ ದೋಣಿ ಮಗುಚಿತ್ತು, ಡೆನ್ಸಿಲ್ ಅವನ ಕಾಲರ್ ಹಿಡಿದು ದಡಕ್ಕೆ ಎಳೆದಿದ್ದ. ಆ ಚಳಿಗೆ ಹಲ್ಲು ಕಟಕಟ ಅನ್ನುತ್ತಲೇ ಎಲ್ಬರ್ಟ್ ಆಣೆ ಹಾಕಿದ್ದ, ಇನ್ನು ಇಬ್ಬರಿಲ್ಲದೆ ಮರ ನೀರಿಗಿಳಿಯುವುದಿಲ್ಲವೆಂದು. ಯಾವ ವರ್ಷದ ಮರ ಎಲ್ಲಿದೆ ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ.

ಹೋದ ತಿಂಗಳು ಗಾಳಿಗೆ ದೋಣಿ ವಿಲೋ ಮರದಾಚೆಯ ಮೂಲೆಗೆ ಸರಿಯಿತು. ಅಲ್ಲಿ ಏನೂ ಇಲ್ಲವೆಂದು ನಾವು ಎಂದೂ ಹೋದವರಲ್ಲ. ಸುಮ್ಮನೆ ಒಂದು ಸಲ ಗಾಳ ಬೀಸಿದೆ. ಬೀಸಿದ್ದೇ ತಡ, ಮೀನು. ಮತ್ತೆ ಬೀಸಿದೆ, ಮತ್ತೆ ಮೀನು. ಕ್ರಾಪಿಗಳು ಬರಿ ನೀರಿನಲ್ಲಿ ಹಾಗೆ ಗುಂಪುಗೂಡುವುದಿಲ್ಲ ಲೊರೀನ್. ಅಲ್ಲೊಂದು ಮರವಿದೆ, ನಾವು ಹಾಕಿದ ಮರವಲ್ಲ. ಆವತ್ತಿನಿಂದ ನನಗೆ ನೆಮ್ಮದಿಯಿಲ್ಲ.

ಡೆನ್ಸಿಲ್‌ನನ್ನು ಕೇಳಿದೆ. "ನಿನ್ನ ಕೊಳಕ್ಕೆ ಮರ ಹಾಕಿ ನಿನ್ನ ಮೀನು ಕೊಬ್ಬಿಸೋಕೆ ನಂಗೇನು ಹುಚ್ಚಾ? ಎಲ್ಬರ್ಟೇ ಹಾಕಿರ್ತಾನೆ" ಅಂದ.

"ನಾನಿಲ್ದೆ? ಒಬ್ನೇನಾ?"

ಅವನು ಟೋಪಿ ತೆಗೆದ, ಒಳಗೆ ನೋಡಿದ, ಮತ್ತೆ ಹಾಕಿಕೊಂಡ. "ಬಿಡು ತಾಯಿ. ಮೀನು ಸಿಕ್ತಲ್ಲ, ಹುರ್ಕೊಂಡು ತಿನ್ನು" ಅಂದು ಹೊರಟೇಬಿಟ್ಟ. ಮಾತು ನಿಲ್ಲಿಸಿದರೆ ಉಸಿರು ಕಟ್ಟುವಂಥ ಮನುಷ್ಯ, ನಿನಗೆ ಗೊತ್ತಲ್ಲ. ಅಂಥವನು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಹೋದ.

ಮೊನ್ನೆ ಅದೇ ಮೂಲೆಯಲ್ಲಿ ಗಾಳ ಸಿಕ್ಕಿಕೊಂಡಿತು. ಸಿಟ್ಟಿಗೆ ಕಿತ್ತುಬಿಡೋಣ ಅನ್ನಿಸಿತು. ಆದರೆ ಎಲ್ಬರ್ಟ್ ಕಲಿಸಿದ್ದು ಕೈಗೆ ಅಂಟಿಬಿಟ್ಟಿದೆ. ಕ್ರಾಪಿಯ ತುಟಿ ಕಾಗದದಷ್ಟು ತೆಳು, ಜಗ್ಗಿದರೆ ಹರಿದು ಬರಿ ಗಾಳ ಕೈಗೆ ಬರುತ್ತದೆ. "ಜಗ್ಗಬೇಡ್ವೇ, ಎತ್ತು" ಅನ್ನುತ್ತಿದ್ದ. ಮೆಲ್ಲಗೆ ಎತ್ತಿದೆ. ಮೇಲೆ ಬಂದದ್ದು ಮೀನಲ್ಲ, ಕ್ರಿಸ್ಮಸ್‌ಗೆ ಇಡುವ ಸೀಡರ್ ಮರದ ಕಪ್ಪಾದ ಕೊಂಬೆ. ಅದರಲ್ಲಿ ಸಿಕ್ಕಿಕೊಂಡಿದ್ದ ವಸ್ತುವಿನ ಮಾತು ಆಮೇಲೆ.

ಮೇ ಕೊನೆಗೆ, ಸಮಾಧಿಗಳಿಗೆ ಹೂವಿಡುವ ದಿನ ಬರುತ್ತೇನೆ, ಎಲ್ಬರ್ಟ್‌ಗೂ ಒಂದು ಗೊಂಚಲು ತರುತ್ತೇನೆ ಎಂದು ಬರೆದಿದ್ದೀಯ. ನಿನ್ನ ಪಕ್ಕ ನಿಂತುಕೊಂಡು ಅವನ ಹೆಸರು ಕೆತ್ತಿದ ಕಲ್ಲನ್ನು ನೋಡಬಲ್ಲೆನೋ ಇಲ್ಲವೋ, ಅದೇ ನನ್ನ ಚಿಂತೆ. ಮೊಣಕಾಲಿನ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಇದನ್ನು ಮನಸಾರೆಯೇ ಬರೆದಿದ್ದೇನೆ.

ನಿನ್ನ
ವರ್ನಾ

ತಾ.ಕ.: ಲಕೋಟೆಯೊಳಗೆ ಒಂದು ನಕ್ಷತ್ರವಿದೆ, ನೋಡು, ಆ ಕೊಂಬೆಯಲ್ಲಿ ಸಿಕ್ಕಿದ್ದು. ಪೈ ಬೇಯಿಸುವ ತಗಡಿನ ತಟ್ಟೆ ಕತ್ತರಿಸಿ ಮಾಡಿದ್ದು. ಮೊಳೆಯಿಂದ ಚುಚ್ಚಿ ಇಸವಿ ಬರೆದಿದೆ: 1986. ಈ ಊರಿನಲ್ಲಿ ಪ್ರತಿ ಕ್ರಿಸ್ಮಸ್‌ಗೂ ಇಂಥ ನಕ್ಷತ್ರ ಮಾಡಿ ಮರಕ್ಕೆ ಕಟ್ಟುತ್ತಿದ್ದವಳು ನೀನೊಬ್ಬಳೇ. ಆ ಚಳಿಗಾಲವಿಡೀ ನಾನು ಮೆಂಫಿಸ್‌ನಲ್ಲಿ ಕಾಯಿಲೆ ಬಿದ್ದ ಅಮ್ಮನ ಹಾಸಿಗೆಯ ಪಕ್ಕ ಇದ್ದೆ. "ಒಂಟಿ ಹೆಂಗ್ಸಿಗೆ ಮರ ಯಾಕೆ, ಈ ವರ್ಷ ಇಡ್ಲೇ ಇಲ್ಲ" ಅಂತ ನೀನು ಫೋನಿನಲ್ಲಿ ಹೇಳಿದೆ. ಗೆಳತಿಯ ಒಂಟಿತನ ನೆನೆದು ನಾನು ಅತ್ತಿದ್ದೆ ಕಣೆ. ಎಲ್ಬರ್ಟ್ ಇಲ್ಲ, ಕೇಳುವುದಕ್ಕೆ ನೀನೊಬ್ಬಳೇ ಉಳಿದಿದ್ದೀಯ. ನಾನು ಜಗ್ಗುತ್ತಿಲ್ಲ ಲೊರೀನ್, ಎತ್ತುತ್ತಿದ್ದೇನೆ. ಹೂ ತರುವ ಮೊದಲು ಇಷ್ಟು ಮಾತ್ರ ಬರೆ: ಆವತ್ತು ದೋಣಿಗೆ ಹುಟ್ಟು ಹಾಕಿದವರು ಯಾರು?